ನಕಲು ಎಂಬ ಫೋಲ್ಡರು

ಮದುವೆ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಶಹಾಪುರದ ನಮ್ಮ ಸ್ಟುಡಿಯೋದ ಮಿಕ್ಸಿಂಗನ್ನು ಏಳು ವರ್ಷದಿಂದ ಮಾಡುತ್ತ ಬಂದವಳು ನಾನು. ಅಂಗಡಿಯ ಬೋರ್ಡಿನ ಮೇಲೆ ಗಂಡನ ಹೆಸರು. ಪ್ರತಿ ವಿಡಿಯೋದ ಕೊನೆಗೆ ಶೂಟಿಂಗ್ ಅಂತ ಗಂಡನ ಹೆಸರು, ಅದರ ಕೆಳಗೆ ಮಿಕ್ಸಿಂಗ್ ಅಂತ ಮತ್ತೆ ಗಂಡನದೇ ಹೆಸರು. ಆ ಅಕ್ಷರಗಳನ್ನು ಟೈಪು ಮಾಡುತ್ತಿದ್ದವಳೂ ನಾನೇ!

"ಮಿಕ್ಸಿಂಗಿಗರೆ ನನ್ನ ಹೆಸರು ಹಾಕೋಣಲ್ರಿ" ಅಂತ ಕೇಳಿದಾಗಲೆಲ್ಲ ಅವರದು ಒಂದೇ ಮಾತು. "ಹೆಣ್ಮಗಳು ಮಾಡ್ಯಾಳಂದ್ರ ಗಿರಾಕಿ ಬರಂಗಿಲ್ಲ. ಸುಮ್ನಿರು."

ಆಮೇಲೆ ಅವರು ಎಚ್‌ಡಿ ಕ್ಯಾಮೆರಾ ತಂದರು. ಕಂಪ್ಯೂಟರ್ ಮಾತ್ರ ಹಳೆಯದೇ ಉಳಿಯಿತು. ಯಾಕಂದರೆ ಕ್ಯಾಮೆರಾ ಮಂದಿಗೆ ಕಾಣುತ್ತದೆ, ಕಂಪ್ಯೂಟರ್ ಕಾಣುವುದು ನನಗೊಬ್ಬಳಿಗೇ. ಆ ಹೊಸ ವಿಡಿಯೋ ಅದರೊಳಗೆ ಹಾಕಿದರೆ ಜೀವ ಹೋದ ಹಾಗೆ ನಿಂತುಬಿಡುತ್ತಿತ್ತು. ಮಾತು ಮುಂದೆ ಹೋಗುತ್ತಿತ್ತು, ಚಿತ್ರ ಹಿಂದೆ ಉಳಿಯುತ್ತಿತ್ತು. ಉಡಿ ತುಂಬುವಾಕೆಯ ಕೈ ತಟ್ಟೆಯ ಮೇಲೆ ಕಾಣುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಒಮ್ಮೆಲೇ ಉಡಿಯೊಳಗೆ ಕಾಣುತ್ತಿತ್ತು. ನಡುವೆ ಎಲ್ಲಿ ಕತ್ತರಿಸಬೇಕು ಅಂತ ಹೇಗೆ ಗೊತ್ತಾಗಬೇಕು? ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಬಿಸಿಲುಗಾಲದಲ್ಲಿ ಕಂಪ್ಯೂಟರಿನ ಡಬ್ಬಿ ಕಾದು ತಾನೇ ಆರಿಹೋಗುತ್ತಿತ್ತು. ಮನೆಯ ಒಂದೇ ಕೂಲರನ್ನು ಅದರ ಕಡೆ ತಿರುಗಿಸಿದೆ.

"ಮನುಷ್ಯಾರಿಗಿ ಗಾಳಿ ಇಲ್ಲ, ಡಬ್ಬಿಗಿ ಗಾಳಿ ಹಾಕ್ಯಾಳ ನೋಡ್ರಿ" ಅಂತ ಅತ್ತೆ ಓಣಿಗೆಲ್ಲ ಕೇಳಿಸುವಂತೆ ಅಂದರು.

ಅದಕ್ಕೊಂದು ದಾರಿ ಹುಡುಕಿದ್ದೂ ನಾನೇ. ಮೊಬೈಲಿನಲ್ಲಿ ಹಿಂದಿ ವಿಡಿಯೋ ನೋಡಿ ನೋಡಿ ಕಲಿತೆ. ಮೊದಲು ಪ್ರತಿ ತುಣುಕಿಗೂ ಒಂದು ಸಣ್ಣ, ಹಗುರಾದ ಪ್ರತಿ ಮಾಡಬೇಕು. ಚಿತ್ರ ಮಸುಕಾಗಿರುತ್ತದೆ, ಆದರೆ ಕಂಪ್ಯೂಟರ್ ತಡವರಿಸದೆ ಓಡಿಸುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ಅದರ ಮೇಲೆಯೇ ಮಾಡಬೇಕು. ಪೂರ್ತಿ ಮುಗಿದ ಮೇಲೆ ಸಣ್ಣದರ ಜಾಗಕ್ಕೆ ದೊಡ್ಡದನ್ನು ಕೂಡಿಸಿ ಕೊನೆಯ ವಿಡಿಯೋ ತೆಗೆಯಬೇಕು. ಸಣ್ಣವನ್ನು ಇಟ್ಟ ಫೋಲ್ಡರಿಗೆ ನಕಲು ಅಂತಲೂ, ಕ್ಯಾಮೆರಾದಿಂದ ಬಂದವನ್ನು ಇಟ್ಟ ಫೋಲ್ಡರಿಗೆ ಅಸಲು ಅಂತಲೂ ಹೆಸರಿಟ್ಟೆ. ಮೊದಲ ಸಲ ಚಿತ್ರ ನಿಲ್ಲದೆ ಓಡಿದಾಗ ಖುಷಿಗೆ ಕಣ್ಣಲ್ಲಿ ನೀರು ಬಂತು. ಗಂಡನನ್ನು ಕರೆದು ತೋರಿಸಿದೆ. "ಹಾಂ, ಈಗ ಬರೋಬ್ಬರಿ ಓಡಾಕತ್ತದ" ಅಂದು ಮೊಬೈಲ್ ನೋಡುತ್ತ ಹೊರಗೆ ಹೋದರು. ಹೇಗೆ ಓಡಿತು ಅಂತ ಕೇಳಲಿಲ್ಲ.

ಹೀಗಿರುವಾಗ ನಾರಾಯಣಪುರದ ಒಬ್ಬರು ಬಂದರು. ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿದ್ದ ನೌಕರರು. ಮಗಳ ನಿಶ್ಚಯ ಸುರಪುರದಲ್ಲಿ, ಮದುವೆ ಯಾದಗಿರಿಯಲ್ಲಿ. ನಿಶ್ಚಯದ ವಿಡಿಯೋವನ್ನು ಮದುವೆಯ ದಿನ ಕಲ್ಯಾಣಮಂಟಪದ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಬೇಕು ಅಂದರು. ನಾನು ಆಗ ಹಟ ಹಿಡಿದೆ. ಈ ಸಲ ನನ್ನ ಹೆಸರಿಲ್ಲದಿದ್ದರೆ ಕಂಪ್ಯೂಟರ್ ಮುಟ್ಟುವುದಿಲ್ಲ ಅಂದೆ. ಎರಡು ದಿನ ಖರೇನೇ ಮುಟ್ಟಲಿಲ್ಲ. ಮೂರನೇ ದಿನ ಗಂಡ ಸೋತು, "ಹಾಕ್ಕೋ ಹೋಗು, ನಿನ್ನ ಹೆಸರ್ನೇ ಹಾಕ್ಕೋ" ಅಂದರು.

ಹಾಕಿಕೊಂಡೆ. ಆ ಒಂದು ಸಾಲಿನ ಬಣ್ಣವನ್ನು ನಾಲ್ಕು ಸಲ ಬದಲಿಸಿದೆ. ಹಾಡು, ಮಾತು ಸರಿ ಕೂಡಿದೆಯೋ ನೋಡಲಿಕ್ಕೆ ಮೊದಲು ಸಣ್ಣ ಪ್ರತಿಗಳಿಂದಲೇ ಒಂದು ವಿಡಿಯೋ ತೆಗೆದು ನಕಲಿನಲ್ಲಿ ಇಟ್ಟೆ. ಆಮೇಲೆ ದೊಡ್ಡವನ್ನು ಕೂಡಿಸಿ ಖರೇ ವಿಡಿಯೋ ತೆಗೆದು ಅಸಲಿನಲ್ಲಿ ಇಟ್ಟೆ.

ಮದುವೆಗೆ ನಮ್ಮ ಮನೆಯವರನ್ನೆಲ್ಲ ಕರೆದಿದ್ದರು. ಆ ಬೆಳಗ್ಗೆ ನಾನು ಅತ್ತೆಗೆ ಸೀರೆ ಉಡಿಸುತ್ತಿದ್ದೆ. ಅಷ್ಟರಲ್ಲಿ ಗಂಡ ತಾವೇ ಪೆನ್‌ಡ್ರೈವಿಗೆ ವಿಡಿಯೋ ಹಾಕಿಕೊಂಡರು.

ಯಾದಗಿರಿಯ ಮಂಟಪದಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಪರದೆ ಹತ್ತಿತು. ಹೆಂಗಸರ ನಡುವೆ ಕೂತಿದ್ದೆ. "ಅತ್ತಿ, ಕಡೀತನ ನೋಡೇ ಊಟಕ್ಕ ಹೋಗೋಣ್ರಿ" ಅಂತ ಅತ್ತೆಯ ಕೈ ಹಿಡಿದು ಕೂರಿಸಿಕೊಂಡಿದ್ದೆ. ಪರದೆಯ ಮೇಲೆ ನೋಡಿದರೆ ಮದುಮಗಳ ಮುಖದಲ್ಲಿ ಮೂಗೆಲ್ಲಿ, ಬಾಯೆಲ್ಲಿ, ತಿಳಿಯುವುದೇ ಇಲ್ಲ. ಎಲ್ಲ ಚೌಕ ಚೌಕ, ಎಲ್ಲ ಮಸುಕು. ಬೀಗರ ಕಡೆಯವರು ನಗತೊಡಗಿದರು. ಮದುಮಗಳ ತಂದೆ ಎದ್ದು ನಿಂತು, "ಯಾರ್ರಿ ಇದನ್ನ ಮಾಡಿದವ್ರು?" ಅಂತ ಗುಡುಗಿದರು.

ಕ್ಯಾಮೆರಾ ಹಿಡಿದು ನಿಂತಿದ್ದ ನನ್ನ ಗಂಡ ಹೆಂಗಸರ ಕಡೆ ಕೈ ತೋರಿಸಿದರು. "ನಮ್ಮ ಮನ್ಯಾಕಿ ಮಾಡ್ಯಾಳ್ರೀ. ನಂದು ಬರೇ ಶೂಟಿಂಗ್."

ಅಷ್ಟೂ ಮಂದಿ ತಿರುಗಿ ನನ್ನನ್ನು ನೋಡಿದರು. ಪರದೆ ಆರಿಸಿದರು. ಕೊನೆಯ ಸಾಲಿನವರೆಗೆ ವಿಡಿಯೋ ಹೋಗಲೇ ಇಲ್ಲ.

ಕೈತೊಳೆಯುವ ನಲ್ಲಿಗಳ ಹತ್ತಿರ ಗಂಡನನ್ನು ಹಿಡಿದು ನಿಲ್ಲಿಸಿದೆ. "ಯಾವ ಫೋಲ್ಡರಿನ್ಯಾಗಿಂದು ತಂದ್ರಿ?"

"ನಕಲಿನ್ಯಾಗಿಂದು. ಅಸಲು ಯಾರರೆ ಮನಿ ಬಿಟ್ಟು ಹೊರಗ ಒಯ್ತಾರೇನು?"

ಸ್ಟುಡಿಯೋ ಹಾಕುವ ಮೊದಲು ಅವರು ಸುರಪುರದ ತಹಶೀಲ್ ಕಚೇರಿಯ ಮುಂದೆ ಕೂತು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅಲ್ಲಿ ಎಲ್ಲ ನಡೆಯುವುದೇ ನಕಲಿನ ಮೇಲೆ. ಪಹಣಿ ನಕಲು, ಜನನದ ನಕಲು, ಕೋರ್ಟಿನ ನಕಲು. ಸರಕಾರಿ ಸಿಕ್ಕೆ ಬಿದ್ದ ನಕಲನ್ನೇ ಕೈಯಲ್ಲಿ ಹಿಡಿದು ಓಡಾಡಬೇಕು, ಅಸಲು ಪೆಟ್ಟಿಗೆಯಲ್ಲಿ ಭದ್ರವಾಗಿರಬೇಕು. ಅವರು ಬೇಕಂತಲೇ, ಬಹಳ ಶಹಾಣೆತನದಿಂದ ನಕಲು ತಂದಿದ್ದರು. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನನಗೆ ಮೈಯೆಲ್ಲ ಉರಿಯಿತು. ಚೊಲೋದು ಮನೆಯಲ್ಲಿದೆ ಅಂತ ಹೇಳಿದೆ. "ಮತ್ತ ಹಂಗ್ಯಾಕ ಹೆಸರಿಟ್ಟಿ?" ಅಂತ ನನಗೇ ತಿರುಗಿಬಿದ್ದರು.

ನಾಲ್ಕು ದಿನದ ಮೇಲೆ ಗಂಡ ಅಸಲು ವಿಡಿಯೋ ತೆಗೆದುಕೊಂಡು ಒಬ್ಬರೇ ನಾರಾಯಣಪುರಕ್ಕೆ ಹೋಗಿ ಕೊಟ್ಟು ಬಂದರು. ಸಂಜೆ ಸ್ಟುಡಿಯೋದ ನಂಬರಿಗೆ ಮದುಮಗಳ ತಂದೆಯ ಫೋನ್ ಬಂತು. ಗಂಡ ಮನೆಯಲ್ಲಿರಲಿಲ್ಲ, ನಾನೇ ಎತ್ತಿದೆ. ವಿಡಿಯೋ ಕನ್ನಡಿಯಷ್ಟು ಸ್ವಚ್ಛ ಕಾಣುತ್ತಿದೆ ಅಂತ ಅವರಿಗೆ ಖುಷಿಯೋ ಖುಷಿ.

"ನಿಮ್ಮನಿಯವ್ರು ನಾಕು ದಿನ ಕುಂತು ತಾವೇ ಎಲ್ಲಾ ಹೊಸದಾಗಿ ಮಾಡ್ಯಾರಂತಲ್ಲವ್ವ. ಕೆಡಿಸಿದಾಕಿ ನೀನು. ಆದ್ರೂ ಕಡೀಗಿ ಮಿಕ್ಸಿಂಗ್ ಅಂತ ನಿನ್ನ ಹೆಸರೇ ಬಿಟ್ಟಾರ ನೋಡು, ಎಂಥಾ ದೊಡ್ಡ ಮನಸ್ಸು! ಅವ್ರ ಕಡಿಂದ ಜರಾ ಕಲ್ಕೋವ್ವ."

"ಹೌದ್ರಿ" ಅಂದೆ. ಈ ಬಾಯಿಗೆ ಬೆಂಕಿ ಹಾಕಬೇಕು, ಹೌದ್ರಿ ಅಂದೆ.