ನಿನಗೆ ಬಡವಾಗುವುದಿಲ್ಲವಾ?

ಕಾಪುವಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಮ್ಮ ದಿನಾ ಸಂಜೆ ನನಗೊಂದು ಪ್ರಶ್ನೆ ಕೇಳುತ್ತಿದ್ದರು. ಮಣಿಪಾಲದ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮುಗಿಸಿ, ಉಡುಪಿಯಲ್ಲಿ ಬಸ್ಸು ಬದಲಿಸಿ, ಉದ್ಯಾವರ ದಾಟುವವರೆಗೂ ನಿಂತುಕೊಂಡೇ ಬಂದು ಗೇಟು ತೆರೆದರೆ ಸಾಕು, ಅಡುಗೆಮನೆಯ ಕಿಟಕಿಯಿಂದ ಇಣುಕಿ ಕೇಳುವರು: “ಮಗಾ, ನಿನಗೆ ಬಡವಾಗುವುದಿಲ್ಲವಾ?”

ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಗದಗದ ಕಡೆಯ ಹುಡುಗಿ ನಾನು. ನಮ್ಮಲ್ಲಿ ಬಡವಾಗುವುದೆಂದರೆ ತೆಳ್ಳಗಾಗುವುದು, ಸೊರಗುವುದು. ಜ್ವರ ಬಂದು ಎದ್ದವರು ಬಡವಾಗುತ್ತಾರೆ, ಹಾಲು ಬಿಟ್ಟ ಮಗು ಬಡವಾಗುತ್ತದೆ. ನಾನು ಮಾತ್ರ ಏನು ಮಾಡಿದರೂ ಬಡವಾಗುತ್ತಿರಲಿಲ್ಲ. ಅದನ್ನು ಈ ಅಮ್ಮ ದಿನಾ ಗೇಟಿನಲ್ಲೇ ತಡೆದು ವಿಚಾರಿಸಬೇಕೇ? “ನಿನಗೆ” ಎಂಬುದು ಸ್ವಲ್ಪ ಸೊಟ್ಟಗಿದೆ ಅನ್ನಿಸಿತ್ತು ನಿಜ. ಆದರೆ ಅವರ ಮನೆಮಾತು ತುಳು, ಕನ್ನಡ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿತಷ್ಟೇ. ಅದರ ವ್ಯಾಕರಣ ಬಿಡಿಸುತ್ತ ನಿಲ್ಲುವ ತಾಳ್ಮೆ ನನಗಿರಲಿಲ್ಲ. “ಇಲ್ರೀ ಅಮ್ಮಾರ” ಎಂದು ದುಮುಗುಟ್ಟಿ ನನ್ನ ಕೋಣೆ ಸೇರುತ್ತಿದ್ದೆ. ಅವರು “ಆಯ್ತು” ಎಂದು ಕಿಟಕಿ ಬಿಟ್ಟು ಸರಿಯುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು “ಹುಡುಗಿ ಛಲೋ ಅದಾಳ, ಸ್ವಲ್ಪ ಮೈ ಇಳಿಸಿದ್ರ ಇನ್ನೂ ಛಲೋ” ಎಂದು ಹೇಳಿ, ಮತ್ತೊಮ್ಮೆ ಬಂದು ನೋಡುತ್ತೇವೆಂದು ಉಪ್ಪಿಟ್ಟು ತಿಂದು ಹೋಗಿದ್ದರು. ಅಂದಿನಿಂದ ನನ್ನ ಊಟ ಊರಿನ ಪಂಚಾಯಿತಿಯಾಯಿತು. ಎಸ್‌ಟಿಡಿ ಬೂತಿನ ಫೋನಿನಲ್ಲಿ ಅವ್ವ, “ಅನ್ನ ಉಣಬ್ಯಾಡ, ಅನ್ನ ದಪ್ಪ ಮಾಡತೈತಿ” ಎನ್ನುವಳು. ಅಕ್ಕಿಯ ಸೀಮೆಗೆ ಬಂದು ಅನ್ನ ಬಿಡುವುದು ಹೇಗೆ? ಆಫೀಸಿನ ಗೆಳತಿ ರಾತ್ರಿಯೂಟವನ್ನೇ ಬಿಡು ಎಂದಳು. ವಾರಪತ್ರಿಕೆಯೊಂದು ಬೆಳಗಿನ ತಿಂಡಿಯ ಬದಲು ಬಿಸಿನೀರು, ಜೇನು ಕುಡಿಯಿರಿ ಎಂದಿತು. ಪಕ್ಕದ ಮನೆಯ ನರ್ಸು ಮಧ್ಯಾಹ್ನದ ಊಟವೇ ಅಪಾಯ ಎಂದರು. ಎಲ್ಲರ ಮಾತನ್ನೂ ಕೂಡಿಸಿ ಪಾಲಿಸಿದರೆ ನನಗೆ ಉಳಿಯುತ್ತಿದ್ದದ್ದು ಜೇನುನೀರೊಂದೇ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ನನ್ನ ಪಾಲಿಗೆ ಎರಡೂ ಪರರಿಚ್ಛೆಯೇ ಆಗಿದ್ದವು.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಮಿನುಗಿಸುತ್ತ ಒಂದು ತೂಕದ ಯಂತ್ರ ನಿಂತಿರುತ್ತಿತ್ತು. ನಾಣ್ಯ ಹಾಕಿದರೆ ರಟ್ಟಿನ ಟಿಕೆಟು ಬೀಳುವುದು; ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. ತೂಕ ಏರಿದ ದಿನವೇ ಅದು “ನಿಮ್ಮ ಬೆಳವಣಿಗೆ ಕಂಡು ಬಂಧುಗಳು ಸಂತೋಷಪಡುವರು” ಎಂದು ಹೇಳಿತು. ಟಿಕೆಟನ್ನು ಹರಿದು ಎಸೆದು, ಎದುರಿನ ಹೋಟೆಲಿಗೆ ಹೋಗಿ ಬನ್ಸ್ ತಿಂದೆ. ತೂಕ ಇಳಿದ ದಿನ ಖುಷಿಗೆ ತಿನ್ನುತ್ತಿದ್ದೆ, ಏರಿದ ದಿನ ದುಃಖಕ್ಕೆ. ಬಿಸಿ ಬನ್ಸನ್ನು ಮುರಿದಾಗ ಬಾಳೆಹಣ್ಣಿನ ಪರಿಮಳದ ಹಬೆ ಏಳುತ್ತಿತ್ತು, ಅದು ಮೂಗು ತಲುಪುವ ಮೊದಲೇ ತಟ್ಟೆ ಖಾಲಿ. ಆಗ ನನಗೆ ಹಸಿವಿತ್ತೇ? ಯಾರೂ ಕೇಳುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ಅಮ್ಮನ ಮಗಳು ಕಾರ್ಕಳದಿಂದ ಕೂಸನ್ನು ಎತ್ತಿಕೊಂಡು ಬಂದಳು. ಕೂಸು ಎಂದರೆ ಮಾಮೂಲಿ ಕೂಸಲ್ಲ. ತೋಳಿನಲ್ಲಿ ಮಡಿಕೆ, ತೊಡೆಯಲ್ಲಿ ಮಡಿಕೆ, ಕತ್ತು ಎಲ್ಲಿದೆ ಎಂದು ಹುಡುಕಬೇಕು. ಜಗಲಿಯಲ್ಲಿ ಕೂತು ಅದನ್ನು ಆಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅದು ಮುಖ ಕಿವುಚಿ ರಾಗ ತೆಗೆಯಿತು. ಅಮ್ಮ ಒಳಗಿದ್ದ ಮಗಳನ್ನು ಕೂಗಿದರು: “ಬಾಲೆಗ್ ಬಡವಾಪುಂಡು!”

ಬಾಲೆ ಎಂದರೆ ಮಗು ಎಂಬಷ್ಟು ತುಳು ನನಗೆ ಬಂದಿತ್ತು. ನಕ್ಕುಬಿಟ್ಟೆ. “ಈ ಗುಂಡಪ್ಪ ಬಡವಾಗೂದು ಎಲ್ಲಿಂದ ಬಂತ್ರೀ ಅಮ್ಮಾರ?”

ಮಗಳು ಹೊರಗೆ ಬಂದು ಕೂಸನ್ನು ಎತ್ತಿಕೊಂಡಳು. “ಬಡವು ಅಂದರೆ ಹಸಿವು ಮಾರಾಯ್ತಿ. ಹಾಲು ಕೊಡದಿದ್ದರೆ ಬೊಬ್ಬೆ ಹಾಕ್ತಾನೆ. ನಿಮ್ಮಲ್ಲಿ ಎಂತ ಹೇಳ್ತಾರೆ?”

ಅವಳು ಅಲ್ಲೇ ಕೂತು ಹಾಲೂಡಿಸತೊಡಗಿದಳು. ಕೂಸು ಕಣ್ಣು ಮುಚ್ಚಿ ಗುಟುಗುಟು ಕುಡಿಯಿತು. ಸ್ವಲ್ಪ ಹೊತ್ತಿಗೆ ತಾನಾಗಿ ಬಾಯಿ ಬಿಡಿಸಿಕೊಂಡು ಗೋಡೆಯ ಮೇಲಿನ ಹಲ್ಲಿಯನ್ನು ನೋಡತೊಡಗಿತು. ತಾಯಿ ಇನ್ನೊಮ್ಮೆ ಹತ್ತಿರ ತಂದಳು, ತುಟಿ ಬಿಗಿದುಕೊಂಡಿತು. ಮುಗಿಯಿತು, ಇನ್ನು ಯಾರ ಮಾತೂ ನಡೆಯುವುದಿಲ್ಲ. ಆ ಗುಂಡಪ್ಪನ ಮೇಲೆ ನನಗೆ ಅಸೂಯೆಯೇ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ನನ್ನ ತಲೆ ಗಿರ್ರೆಂದಿತು. ಹಾಗಾದರೆ ಇಷ್ಟು ಸಂಜೆಗಳಲ್ಲಿ ಈ ಅಮ್ಮ ಕೇಳುತ್ತಿದ್ದದ್ದು ನಿನಗೆ ಹಸಿವಾಗುವುದಿಲ್ಲವಾ ಎಂದು! ತುಳುವಿನ ಮಾತಿಗೆ ಕನ್ನಡದ ಅಂಗಿ ತೊಡಿಸಿ ಕೇಳುತ್ತಿದ್ದರು. ನಾನೋ, ಜೇನುನೀರಿನಲ್ಲಿ ದಿನ ಕಳೆದು ಬಂದವಳು, ಮುಖ ಗಂಟು ಹಾಕಿಕೊಂಡು ಇಲ್ರೀ ಎನ್ನುತ್ತಿದ್ದೆ. ಅಮ್ಮನಿಗೆ ನನ್ನ ಊರಿನ ಅರ್ಥವನ್ನು ಬಿಡಿಸಿ ಹೇಳಿದಾಗ ಅವರ ಮಗಳು ಬಿದ್ದು ಬಿದ್ದು ನಕ್ಕಳು. ಅಮ್ಮ ನಗಲಿಲ್ಲ.

“ನಮ್ಮದು ಮೀನಿನ ಮನೆ ಅಲ್ವಾ, ನೀನು ತಿನ್ನುವವಳಲ್ಲ. ಅದಕ್ಕೇ ಬೇಡ ಹೇಳುವುದು ಅಂತ ಗ್ರಹಿಸಿದ್ದೆ. ಮತ್ತೆ ಒತ್ತಾಯ ಮಾಡಲಿಕ್ಕೆ ನನಗೆ ನಾಚಿಕೆ ಆಯಿತು.” ಅಡುಗೆಮನೆಯ ಕಡೆ ಕೈ ತೋರಿಸಿ ಹೇಳಿದರು, “ನಿನ್ನ ಗಂಜಿಗೆ ಅಂತ ಬೇರೆ ಪಾತ್ರೆ ತೆಗೆದಿಟ್ಟಿದ್ದೆ ಮಗಾ. ಅದು ಅಲ್ಲಿಯೇ ಉಂಟು.”

ಶೆಲ್ಫಿನ ಮೇಲೆ ಆ ಪಾತ್ರೆ ಕವುಚಿ ಕೂತಿತ್ತು. ದಿನಾ ನೋಡಿದ್ದೆ. ನನ್ನದೆಂದು ತಿಳಿದಿರಲಿಲ್ಲ. ನನಗೆ ಅಳು ಬಂತು. ಅವರಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ಎಂಬುದು ಈಗಲೂ ಸ್ಪಷ್ಟವಿಲ್ಲ.

ಮಾತಿನ ಗೊಂದಲ ಹೀಗೆ ಬಗೆಹರಿಯಿತು. ಹೊಟ್ಟೆಯ ಗೊಂದಲ ಅಂದಿನಿಂದಲೇ ಶುರುವಾದದ್ದು. ಮರುದಿನ ಸಂಜೆ ಅಮ್ಮ ಎಂದಿನಂತೆ ಕಿಟಕಿಯಿಂದ ಕೇಳಿದರು, “ಬಡವಾಗುವುದಿಲ್ಲವಾ?” ನಾನು ಗೇಟು ಹಿಡಿದು ನಿಂತೆ. ಹೌದೋ ಅಲ್ಲವೋ? ಈ ಪ್ರಶ್ನೆಯನ್ನು ನಾನು ಅವ್ವನಿಗೆ ಕೇಳಿದ್ದೆ, ಪತ್ರಿಕೆಗೆ ಕೇಳಿದ್ದೆ, ಬಸ್‌ಸ್ಟ್ಯಾಂಡಿನ ಯಂತ್ರಕ್ಕೂ ಕೇಳಿದ್ದೆ. ಸಂಬಂಧಪಟ್ಟವರನ್ನು ಕೇಳಿಯೇ ಇರಲಿಲ್ಲ. ಕೈಯನ್ನು ಹೊಟ್ಟೆಯ ಮೇಲಿಟ್ಟರೂ ಅದು ಮುನಿಸಿಕೊಂಡ ಸೊಸೆಯ ಹಾಗೆ ತುಟಿ ಪಿಟಕ್ಕೆನ್ನಲಿಲ್ಲ.

“ಗೊತ್ತಾಗವಲ್ದ್ರೀ” ಎಂದೆ.

“ಗೊತ್ತಾಗದಿದ್ದರೆ ಕೂತ್ಕೋ. ಗಂಜಿ ಹೇಗೂ ತಣಿಯಬೇಕಲ್ವಾ?”

ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತೆ. ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ತೋಟದ ಒಂದೆಲಗದ ಚಟ್ನಿ. ತಣಿಯುವ ಹೊತ್ತಿಗೆ ಒಮ್ಮೊಮ್ಮೆ ನಿಜವಾಗಿಯೂ ತಿಳಿಯುತ್ತಿತ್ತು: ಬಾಯಲ್ಲಿ ನೀರೂರಿ, ಹೊಟ್ಟೆ ಸಣ್ಣಗೆ ಗುರ್ ಎನ್ನುವುದು. ಒಮ್ಮೊಮ್ಮೆ ಹಸಿವು ಎಂದುಕೊಂಡದ್ದು ಹಸಿವೇ ಆಗಿರುತ್ತಿರಲಿಲ್ಲ. ಎರಡು ತುತ್ತಿಗೆ ಅವ್ವನ ನೆನಪಾಗಿ ಬಟ್ಟಲು ಸರಿಸುತ್ತಿದ್ದೆ. ಇನ್ನೊಮ್ಮೆ ಮನೆಯಲ್ಲಿ ಬೇಡವೆಂದು ಎದ್ದು, ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಜನರ ನಡುವೆ ನಿಂತಾಗ ಹಸಿವು ರೌಡಿಯ ಹಾಗೆ ಬಂದು ಹಿಡಿಯಿತು. ಬನ್ಸ್ ಬಿಟ್ಟೆನೇ? ಬಿಡಲಿಲ್ಲ. ಆದರೆ ಒಂದು ದಿನ ಅದರ ಪರಿಮಳ ಮೂಗಿಗೆ ತಲುಪಿತು, ಎರಡನೆಯದು ತಟ್ಟೆಯಲ್ಲಿ ಅರ್ಧ ಉಳಿಯಿತು. ಅರ್ಧ ಬನ್ಸನ್ನು ಏನು ಮಾಡಬೇಕೆಂದು ತಿಳಿಯದೆ ಅದನ್ನೇ ನೋಡುತ್ತ ಕೂತೆ.

“ಸಾಕು” ಎನ್ನುವುದು ಇನ್ನೂ ಕಷ್ಟ. ಅಲ್ಲಿಯ ಮನೆಗಳಲ್ಲಿ ಸಾಕು ಎಂದ ಮೇಲೆಯೇ ಇನ್ನೊಂದು ಸೌಟು ಬೀಳುವುದು ಮರ್ಯಾದೆ. ಅದಕ್ಕಾಗಿ ನಾನು ಮುಂಚೆಯೇ ಸಾಕು ಎನ್ನುತ್ತಿದ್ದೆ. ಅಮ್ಮ ಒಂದು ದಿನ ಸೌಟನ್ನು ಗಾಳಿಯಲ್ಲೇ ಹಿಡಿದು ಕೇಳಿದರು: “ಇದು ಬಾಯಿಯ ಸಾಕಾ, ಹೊಟ್ಟೆಯ ಸಾಕಾ?” ಯೋಚಿಸಿ, ಬಾಯಿಯದು ಎಂದೆ. ಬಡಿಸಿದರು. ಆಮೇಲೆ ನಾನು ಹೊಟ್ಟೆಯ ಸಾಕು ಎಂದ ದಿನ ಸೌಟು ಪಾತ್ರೆಗೆ ಮರಳಿತು.

ಗಂಡಿನ ಕಡೆಯವರು ಮತ್ತೆ ಬರುವ ದಿನ ಗೊತ್ತಾಯಿತು. ಅವ್ವ ಫೋನಿನಲ್ಲಿ “ಎಷ್ಟ ಇಳದೀ?” ಎಂದು ಕೇಳಿದಳು. ಊರಿಗೆ ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಂತ್ರದ ಕಡೆ ನೋಡಿದೆ, ದೀಪ ಕೆಟ್ಟಿತ್ತು. ಹೀಗಾಗಿ ನಾನು ಇಳಿದಿದ್ದೆನೋ ಏರಿದ್ದೆನೋ ದೇವರಿಗೇ ಗೊತ್ತು.

ನಾಳೆಯ ಚಿಂತೆಯಲ್ಲಿ ಇಡೀ ದಾರಿ ಏನೂ ತಿನ್ನಲಿಲ್ಲ. ಊರು ಹತ್ತಿರವಾದಂತೆ ಹೊಟ್ಟೆ ಸಣ್ಣಗೆ ಗುರ್ ಎನ್ನತೊಡಗಿತು. ಮನೆಯ ಬಾಗಿಲಲ್ಲೇ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗದ್ದ ಹಿಡಿದಳು. “ಎಷ್ಟ ಬಡವಾಗೀಯವ್ವಾ!”

ಅವಳ ದನಿಯಲ್ಲಿದ್ದದ್ದು ನಾಳೆಯ ನೆಮ್ಮದಿಯೋ, ತಾಯಿಯ ಸಂಕಟವೋ ತಿಳಿಯಲಿಲ್ಲ. ನನ್ನ ಕಿವಿಗೆ ಮಾತ್ರ ಕಾಪುವಿನ ಕಿಟಕಿ ಕೇಳಿಸಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಈ ಸಲ ಯಾರನ್ನೂ ಕೇಳಬೇಕಾಗಿರಲಿಲ್ಲ.

“ಹೂಂ ಬೇ, ನನಗ ಭಾಳ ಬಡವಾಗೇತಿ” ಎಂದೆ. “ರೊಟ್ಟಿ ಬಡಿ.”

ಅವ್ವ ಕಣ್ಣು ಕಣ್ಣು ಬಿಡುತ್ತ ನಿಂತಳು. ಮಗಳು ಬಡವಾದದ್ದಕ್ಕೆ ಖುಷಿಪಡಬೇಕೋ, ಬಡವಾದವಳಿಗೆ ರೊಟ್ಟಿ ಬಡಿಯಬೇಕೋ ಅವಳಿಗೂ ಬಗೆಹರಿಯಲಿಲ್ಲ. ಕೊನೆಗೆ ಸೆರಗು ಸಿಕ್ಕಿಸಿ ಒಳಗೆ ಹೋಗಿ ಒಲೆ ಹಚ್ಚಿದಳು.