ಕೊಚ್ಚೆಗುಂಡಿಗೆ ಬಾಗಿನ

ಬೋರಪ್ಪ ಕುರಿ ಕಾಯುವುದನ್ನು ಬಿಟ್ಟು ಕೊಚ್ಚೆ ಕಾಯುವ ಕೆಲಸಕ್ಕೆ ಸೇರಿದ. ಊರೆಲ್ಲ ನಕ್ಕಿತು.

"ಕುರಿ ಆದ್ರೆ ತಪ್ಪಿಸ್ಕೊಂತಾವೆ. ಕೊಚ್ಚೆ ಎಲ್ಲಿಗೆ ಹೋಗ್ತತೋ?" ಎಂದು ಭಾವಮೈದ ಓಬಣ್ಣ ಕೇಳಿದ.

ಹೊಳೆಗೆ ಹೋಗುತ್ತದೆ ಎಂದು ಬೋರಪ್ಪನಿಗೆ ಗೊತ್ತಿತ್ತು. ಹಿಂದಿನ ವರ್ಷ ವಾಂತಿಭೇದಿಯಲ್ಲಿ ಮಗಳು ಹೋಗಿದ್ದಳು.

ಆಗ ಹಿರಿಯೂರಿನ ಚರಂಡಿ ನೀರೆಲ್ಲ ವೇದಾವತಿಗೇ ಬೀಳುತ್ತಿತ್ತು. ದುರ್ಗದಿಂದ ಬಂದ ಇಂಜಿನಿಯರ್ ಒಬ್ಬರು ಹೊಳೆದಂಡೆಯಲ್ಲಿ ಮೂರು ಗುಂಡಿ ತೋಡಿಸಿದರು. ಮೊದಲನೆಯದರಲ್ಲಿ ಹೊಲಸು ತಳಕ್ಕೆ ಕೂರಬೇಕು. ಎರಡನೆಯದರಲ್ಲಿ ಕಲ್ಲು. ಮೂರನೆಯದರಲ್ಲಿ ಮರಳು, ಇದ್ದಿಲು. ಇಷ್ಟು ದಾಟಿದ ನೀರು ತಿಳಿಯಾಗಿ ಹೊಳೆಗೆ ಇಳಿಯುತ್ತಿತ್ತು. "ಗುಂಡಿ ತುಂಬಿ ಮೇಲೆ ಹರೀಬಾರದು, ಅಷ್ಟೇ ನಿನ್ನ ಕೆಲಸ" ಎಂದು ಹೇಳಿ ಅವರು ಹೋದರು. ಅಲ್ಲಿಂದ ಕೂಗಳತೆ ಕೆಳಗೆ ಹೆಂಗಸರು ಹೊಳೆಯ ಮರಳಿನಲ್ಲಿ ವರತೆ ತೋಡಿ ಕುಡಿಯುವ ನೀರು ತುಂಬುತ್ತಿದ್ದರು.

ಕಡುಬೇಸಗೆ. ಯಾರದೋ ಮದುವೆಯ ಊಟದೆಲೆಗಳು ಚರಂಡಿಯಲ್ಲಿ ಬಂದು ಗುಂಡಿಯ ಬಾಯಿಗೆ ಅಡ್ಡ ಕೂತವು. ನೀರು ಏರಿ ಮೇಲೆ ಹರಿಯಿತು. ಪಕ್ಕದ ಬೀದಿಯ ಮುದುಕಿ ನಿಂಗಕ್ಕ ನೋಡಿ ಕೂಗಿದಳು.

"ಕೋಡಿ ಬಿತ್ತು! ಬರ್ರೇ, ಕೋಡಿ ಬಿತ್ತು!"

ಮಾರಿಕಣಿವೆಯ ದೊಡ್ಡ ಕೆರೆ ಕಟ್ಟಿ ಐದು ವರ್ಷವಾಗಿತ್ತು. ಒಂದು ಸಲವೂ ಕೋಡಿ ಬಿದ್ದಿರಲಿಲ್ಲ. ತುಂಬಿದರೆ ಬಾಗಿನ ಕೊಡೋಣವೆಂದು ಕೊಂಡಿಟ್ಟ ಮೊರಗಳನ್ನು ಗೆದ್ದಲು ತಿಂದಿತ್ತು. ಈಗ ಒಂದು ಹನಿ ಮಳೆಯಿಲ್ಲದೆ ಊರ ಬಾಗಿಲಲ್ಲೇ ಕೋಡಿ! ಮಧ್ಯಾಹ್ನದೊಳಗೆ ಹೆಂಗಸರು ಸಾಲುಗಟ್ಟಿದರು. ಅರಿಶಿನ, ಕುಂಕುಮ, ಬಳೆ, ಬೇಳೆ, ಕುಬುಸದ ಬಟ್ಟೆ. ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯಲ್ಲಿ ಮೂಗಿಗೆ ಸೆರಗು.

"ಕೊಚ್ಚೆ ಕಣ್ರವ್ವಾ ಇದು!" ಎಂದ ಬೋರಪ್ಪ.

"ಗಂಗವ್ವನ್ನ ಕೊಚ್ಚೆ ಅಂತೀಯೇನ್ಲೇ? ನಾಲಿಗೆಗೆ ಹುಳ ಬಿದ್ದಾವು" ಎಂದಳು ನಿಂಗಕ್ಕ.

"ನಾರ್ತಾ ಐತಲ್ಲಕ್ಕಾ!"

"ತವರಿಗೆ ಬಂದ ಮಗಳು ನಾರಿದ್ರೆ ಹೊರಗೆ ಹಾಕ್ತೀಯಾ?"

ಮೊರ ಮುಳುಗಿ, ಬಟ್ಟೆ ಮರಳಿಗೆ ಮೆತ್ತಿ, ನೀರು ಇನ್ನೂ ಉಕ್ಕಿತು. ಉಕ್ಕಿದಷ್ಟೂ ಬಾಗಿನ ಹೆಚ್ಚಿತು. ಮಾರನೆಯ ದಿನ ಐಮಂಗಲದಿಂದ ಗಾಡಿ ಕಟ್ಟಿಕೊಂಡು ಬಂದರು. ಬೋರಪ್ಪ ಸೊಂಟದವರೆಗೆ ಇಳಿದು ಬಳೆ ಬಾಚಿ ಎಸೆದರೆ, ಪ್ರಸಾದವೆಂದು ಆಯ್ದುಕೊಂಡರು. ಅವನ ದೂರು ಕೇಳಿ ತಪಾಸಣೆಗೆ ಬಂದ ಸಾಹೇಬರ ಕೊರಳಿಗೆ ಹಾರ ಬಿತ್ತು, ಕೈಗೆ ಮೊರ ಬಂತು. ಅವರೂ ಗುಂಡಿಗೆ ಬಿಟ್ಟು, ಕೈಮುಗಿದು ಹೋದರು.

"ಬಿಡು, ನಿನ್ನ ಮಾತು ಯಾರು ಕೇಳ್ತಾರೆ" ಎಂದಳು ಹೆಂಡತಿ ಕಾಳಕ್ಕ.

"ನೀನೂ ಕೊಟ್ಟೇನೇ ಬಾಗಿನ?"

ಕಾಳಕ್ಕ ಒಲೆಗೆ ಸೌದೆ ತುರುಕಿದಳು. ಕೊಟ್ಟಿದ್ದಳು.

ಮರುದಿನ ಬೋರಪ್ಪ ಗುಂಡಿಯ ನೀರನ್ನು ಹಿತ್ತಾಳೆ ಸೌಟಿನಲ್ಲಿ ಮೊಗೆದು ನಿಂತ. "ಬಾಗಿನ ಕೊಟ್ಟೋರು ತೀರ್ಥ ತಗಳ್ರವ್ವಾ."

ಎಲ್ಲರ ಕೈ ಸೆರಗಿನೊಳಗೆ ಹೋದವು.

"ಯಾಕೆ? ಕೆಳಗೆ ನಿಮ್ಮ ವರತೆಗೆ ಇಳಿಯಾದು ಇದೇ ನೀರು. ಅಲ್ಲಿ ಕೊಡಗಟ್ಟಲೆ ತುಂಬ್ತೀರಿ, ಇಲ್ಲಿ ಒಂದು ಸೌಟು ಬ್ಯಾಡವಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗೆದ್ದೆ ಅಂದುಕೊಂಡ. ಅಷ್ಟರಲ್ಲಿ ನಿಂಗಕ್ಕ ಮುಂದೆ ಬಂದು, ಕಣ್ಣು ಮುಚ್ಚಿ ಕೈ ಒಡ್ಡಿದಳು. ಅವಳ ಹಿಂದೆ ಇನ್ನೂ ನಾಲ್ಕು ಕೈ ಚಾಚಿದವು.

"ಬ್ಯಾಡ ಕಣಕ್ಕಾ."

"ನೀನೇ ಕರೆದು ಇಲ್ಲ ಅಂತೀಯೇನ್ಲೇ? ಹಾಕು."

ಚೆಲ್ಲಿಬಿಟ್ಟರೆ ಬೊಗಸೆಯಲ್ಲೇ ಮೊಗೆದು ಕುಡಿಯುವ ಹೆಂಗಸು ಅವಳು. ಬೋರಪ್ಪ ಸೌಟನ್ನು ತನ್ನ ಬಾಯಿಗೇ ಸುರಿದುಕೊಂಡ. ನುಂಗಿದ. ಮರುಗಳಿಗೆಗೆ, ಸಾಲಾಗಿ ಇಟ್ಟಿದ್ದ ಮೊರಗಳ ಮೇಲೆ ಕಕ್ಕಿದ.

"ಗಂಗವ್ವನ್ನ ಮೈಲಿಗೆ ಮಾಡ್ದ, ಮುಂಡೇಗಂಡ!" ನಿಂಗಕ್ಕ ಮೊರದಲ್ಲೇ ಬಡಿದಳು. ಅಲ್ಲಿಂದಾಚೆ ಯಾರೂ ಬಾಗಿನ ತರಲಿಲ್ಲ.

ಬೋರಪ್ಪ ಸಂಜೆಯವರೆಗೆ ಎಲೆ, ಮೊರ ಎಳೆದು ತೆಗೆದು, ಮರಳು ತೊಳೆದು ಹೊಸ ಇದ್ದಿಲು ಹಾಕಿದ. ನೀರು ತಗ್ಗಿತು. ನಗುತ್ತ ಮನೆಗೆ ಬಂದ. ಮೂರನೆಯ ದಿನ ವಾಂತಿಭೇದಿ ಹಿಡಿಯಿತು. ಐದನೆಯ ದಿನ ಹೋದ. ಆ ಬೇಸಗೆ ಊರಲ್ಲಿ ಆ ರೋಗಕ್ಕೆ ಹೋದವನು ಅವನೊಬ್ಬನೇ.

ಮಣ್ಣಿಗೆ ನಿಂಗಕ್ಕನೂ ಬಂದಳು. ಬಿಸಿಲಿಗೆ ಬಾಯಾರಿತೆಂದು ವರತೆಯ ನೀರು ಕೇಳಿದಳು. ಕಾಳಕ್ಕ ಒಂದು ಚೊಂಬು ಕೊಟ್ಟಳು. ಗಟಗಟ ಕುಡಿದಳು. ಅವಳಿಗೆ ಏನೂ ಆಗಲಿಲ್ಲ.