ಅಲುಗಿಸಿ ಆರಿಸಿದ ವಾಲ್ವುಗಳು

ಹಳೇ ಸಾಮಾನು ಕೂಡಿಸಿ ಮನೆಯಲ್ಲೇ ಹಾಡಿನ ಸದ್ದು ಹೆಚ್ಚಿಸುವ ವಾಲ್ವ್ ಪ್ರಿಆಂಪ್ ಕಟ್ಟುವ ಖಯಾಲಿ ನನ್ನದು. ಹೊಸದನ್ನು ಕೊಳ್ಳುವ ತಾಕತ್ತಿಲ್ಲ. ಹಳೇ ರೇಡಿಯೊಗಳಲ್ಲಿರುವ, ಬಲ್ಬಿನಂಥ ಗಾಜಿನ ವಾಲ್ವ್ ಇನ್ನೆರಡು ಸಿಕ್ಕಿದ್ದರೆ ಕೆಲಸ ಮುಗಿಯುತ್ತಿತ್ತು. ಹುಳಿಯಾರಿನ ರೇಡಿಯೊ ರಿಪೇರಿಯವರು ಫೋನಿನಲ್ಲಿ, "ಡಬ್ಬದ ತುಂಬ ಅವೆ, ಬಾರಪ್ಪ" ಅಂದಿದ್ದರು. ನಾನು ಹೋಗುವಷ್ಟರಲ್ಲಿ ಅವರು ತೀರಿಕೊಂಡು ತಿಂಗಳಾಗಿತ್ತು.

ಕೊಬ್ಬರಿ ವ್ಯಾಪಾರ ಮಾಡುವ ಅವರ ಅಣ್ಣ ಡಬ್ಬ ತಂದಿಟ್ಟರು. ಒಳಗಿದ್ದದ್ದು ಆರೇ ವಾಲ್ವು.

"ಕೆಟ್ಟವನ್ನೆಲ್ಲ ಎಸೆದು ಒಳ್ಳೇವು ಮಾತ್ರ ಮಡಗಿದೀನಿ ಕಣಪ್ಪ. ತಮ್ಮನ ಹೆಸರು ಕೆಡಬಾರದು ನೋಡು."

"ಒಳ್ಳೇವು ಅಂತ ಹೆಂಗೆ ಗೊತ್ತಾಯ್ತು ಯಜಮಾನ್ರೇ?"

ಒಂದನ್ನು ಕಿವಿಯ ಹತ್ತಿರ ಹಿಡಿದು, ಅಟ್ಟದಿಂದ ಇಳಿಸಿದ ಕೊಬ್ಬರಿಕಾಯಿ ನೋಡುವ ಹಾಗೆ ಅಲುಗಿಸಿದರು. ಒಳಗೆ ಕಿಣಿಕಿಣಿ ಅಂತು.

"ಹದವಾಗೈತೆ. ಸದ್ದು ಮಾಡದವನ್ನ ತಿಪ್ಪೆಗೆ ಹಾಕ್ದೆ."

ಚೆನ್ನಾಗಿ ಒಣಗಿದ ಕೊಬ್ಬರಿ ಕರಟದೊಳಗೆ ಸದ್ದು ಮಾಡುತ್ತದೆ, ನಿಜ. ವಾಲ್ವು ಸದ್ದು ಮಾಡಿದರೆ ಒಳಗೇನೋ ಮುರಿದಿದೆ, ಅದು ಸತ್ತಿದೆ. "ಉಪಕಾರವಾಯ್ತು ಯಜಮಾನ್ರೇ" ಅಂದೆ. ಆರನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಅವು ಮಡಿಲಲ್ಲಿ ಕಿಣಿಗುಟ್ಟಿದವು. ನನ್ನ ಪ್ರಿಆಂಪಿನಿಂದ ಇದುವರೆಗೆ ನಾನು ಕೇಳಿರುವ ಸಂಗೀತ ಅಷ್ಟೇ.